ಪಟ್ಟಿಯ ಹದಿನಾಲ್ಕನೇ ಸಾಲು

ಹಾಲ್ಡೆನ್
ಮಂಗಳವಾರ ಬೆಳಿಗ್ಗೆ, ಜೂನ್ ತಿಂಗಳು

ಪ್ರೀತಿಯ ಊಡ್ವಾರ್,

ಈ ಕಾಗದವನ್ನು ನಿನ್ನ ಹೆಂಡತಿ ತೂರುನ್ ಓದಿ ಹೇಳುತ್ತಾಳೆಂದು ಗೊತ್ತಿದ್ದೇ ಬೈಗುಳಗಳನ್ನೆಲ್ಲ ತೆಗೆದು ಬರೆಯುತ್ತಿದ್ದೇನೆ. ಎಲ್ಲಿ ಮಾತು ಸಪ್ಪೆ ಅನ್ನಿಸುತ್ತದೋ ಅಲ್ಲೊಂದು ಬೈಗುಳವಿತ್ತು ಅಂದುಕೋ.

ನಿನ್ನೆ ಸಂಜೆ ಸ್ವೀಡನ್ನಿನಿಂದ ವಾಪಸಾದೆ. ಸೊಂಟ ಹಿಡಿದುಕೊಂಡಿದೆ, ಮಂಡಿ ಮಡಚಲು ಒಪ್ಪುತ್ತಿಲ್ಲ. ವ್ಯಾನಿನಿಂದ ಪೆಟ್ಟಿಗೆಗಳನ್ನು ಇನ್ನೂ ಇಳಿಸಿಲ್ಲ. ನಡೆದದ್ದನ್ನು ಬಂದು ಹೇಳಬಹುದಿತ್ತು, ನಿನ್ನ ಮನೆ ಎರಡು ಬೀದಿ ಆಚೆಗಿದೆ. ಆದರೆ ಎದುರಿಗೆ ಕೂತರೆ ನೀನು ಕಿಟಕಿಯ ಕಡೆ ಮುಖ ತಿರುಗಿಸುತ್ತೀಯ, ನಾನು ಬಿಸಿಲು ಮಳೆಯ ಮಾತಾಡಿ, ಕಾಫಿ ಕುಡಿದು ಎದ್ದು ಬರುತ್ತೇನೆ. ನಿನಗೆ ಲಕ್ವ ಹೊಡೆದು ಬಲಗೈಯೂ ಮಾತೂ ಸೋತಾಗಿನಿಂದ ಇದೇ ಆಗಿದೆ. ಅದಕ್ಕೇ ಕಾಗದ.

ಮಾರ್ಚಿನಲ್ಲಿ ಒಂದು ದಿನ ನೀನು ನನ್ನ ತೋಳು ಹಿಡಿದು, ಒಂದೊಂದು ಪದವನ್ನೂ ಬಾವಿಯಿಂದ ಸೇದಿದ ಹಾಗೆ ಎಳೆದು ಹೇಳಿದೆ: "ನನ್ನದು... ಸಿಕ್ಸ್ಟೆನ್‌ಗೆ... ಕೊಟ್ಟುಬಿಡು." ನಿನ್ನ ಮಾರ್ಕರ್ ವಿಷಯ. ಹಿಡಿಗೆ ಕಪ್ಪು ಟೇಪ್ ಸುತ್ತಿದ, ಬಿಡಿಭಾಗ ಎಲ್ಲೂ ಸಿಗದ, ಕಬ್ಬಿಣದ ಕೊಳಾಯಿಯಷ್ಟು ಭಾರದ ಪೇಂಟ್‌ಬಾಲ್ ಆಟದಲ್ಲಿ ಬಣ್ಣದ ಗುಂಡು ಹಾರಿಸುವ ಆ ಹಳೆಯ ಬಂದೂಕು. ಆಟಕ್ಕೆ ಸ್ವೀಡನ್ನಿಗೆ ಹೋದಾಗಲೆಲ್ಲ ಸಿಗುವ ನಮ್ಮ ಗೆಳೆಯ ಸಿಕ್ಸ್ಟೆನ್ ಇಪ್ಪತ್ತೆರಡು ವರ್ಷಗಳಿಂದ ಅದರ ಮೇಲೆ ಕಣ್ಣಿಟ್ಟಿದ್ದ. "ನೀನು ಸತ್ತ ಮೇಲೆ ಇದು ನಂದು ಕಣೋ" ಅಂತ ಅವನು, "ಸತ್ತ ಮೇಲೂ ಕೊಡಲ್ಲ, ಶವದ ಪೆಟ್ಟಿಗೆಯೊಳಗೆ ಇಟ್ಕೊಂಡು ಹೋಗ್ತೀನಿ" ಅಂತ ನೀನು. ಪ್ರತಿ ಜೂನ್‌ನಲ್ಲಿ ಇದೇ ಜಗಳ. ಅಂಥ ನೀನು ಕೊಟ್ಟುಬಿಡು ಅಂದೆ. ನಾನು ಆಯ್ತು ಅಂದೆ. ಇನ್ನೇನು ಹೇಳಲಿ? ಆದರೆ ಮನೆಗೆ ಬರುವ ದಾರಿಯಲ್ಲಿ ನೀನು ಮಾರ್ಕರನ್ನಷ್ಟೇ ಕೊಡುತ್ತಿಲ್ಲ ಅನ್ನಿಸಿತ್ತು.

ಈಗ ಪಟ್ಟಿಯ ಮಾತಿಗೆ ಬರುತ್ತೇನೆ. ನಮ್ಮ ಮೊದಲ ಪ್ರಯಾಣ ನೆನಪಿದೆಯಲ್ಲ? ಗಡಿಯಲ್ಲಿ ತೋರಿಸುವ ಸುಂಕದ ಹಸಿರು ಪುಸ್ತಕವನ್ನು ಆಗ ತುಂಬಿದವನು ನಾನು. ಆಟಕ್ಕೆ ಒಯ್ದು ವಾಪಸ್ ತರುವ ಸಾಮಾನಿನ ಪಟ್ಟಿಗೆ ಮಾರ್ಕರು, ಮುಖವಾಡ, ಗಾಳಿ ಸಿಲಿಂಡರುಗಳ ಜೊತೆಗೆ ಬಣ್ಣದ ಗುಂಡುಗಳನ್ನೂ ಸೇರಿಸಿದ್ದೆ, ಹದಿನಾರು ಸಾವಿರ. ಆ ಮೀಸೆಯ ಅಧಿಕಾರಿ ಕನ್ನಡಕ ತೆಗೆದು ಕೇಳಿದ್ದ: "ಹೊಡೆದಾದ ಮೇಲೆ ಮರಗಳಿಂದ ಬಣ್ಣ ಕೆರ್ಕೊಂಡು ಬರ್ತೀರೇನ್ರಪ್ಪಾ? ಹದಿನಾರು ಸಾವಿರಾನೂ ಎಣಿಸ್ಕೋಬೇಕು ನಾನು." ನೀನು ನಗು ತಡೆಯಲಾರದೆ ವ್ಯಾನಿನ ಹಿಂದೆ ಹೋಗಿ ನಿಂತೆ. ಗುಂಡಿನ ಸುಂಕದ ಕಾಗದ ಬೇರೆ ಮಾಡಿಸುವಷ್ಟರಲ್ಲಿ ಅರ್ಧ ದಿನ ಹೋಯಿತು. ಗುಂಡುಗಳೋ ಬಿಸಿಲಿಗೆ ಮೆತ್ತಗಾಗಿ, ಮರುದಿನ ಕೊಳವೆಯಲ್ಲೇ ಒಡೆದವು. ಅವತ್ತಿನಿಂದ ಪಟ್ಟಿ ನಿನ್ನ ಪಾಲಿಗೆ ಬಂತು. ನೀನು ಎರಡು ಹಾಳೆ ಮಾಡುತ್ತಿದ್ದೆ: ಒಂದು "ಹೋಗಿ ಬರುವವು", ಇನ್ನೊಂದು "ಹೋದವು ಹೋದವು". ಗುಂಡು, ಬ್ಯಾಟರಿ, ಸಿಕ್ಸ್ಟೆನ್‌ಗೆ ಒಯ್ಯುವ ಕಂದು ಚೀಸು ಎರಡನೆಯ ಹಾಳೆಗೆ. ಪ್ರತಿ ಮಾರ್ಕರಿನ ಮುಂದೆ ಅದರ ನಂಬರು, ನಂಬರಿನ ಮುಂದೆ ಅದರ ಒಡೆಯನ ಹೆಸರು. ಹೆಸರು ಯಾವ ಕಾನೂನಿಗೂ ಬೇಡ. ನಿನಗೆ ಬೇಕಿತ್ತು.

ಈ ಸಲ ಆ ಕೆಲಸ ನನ್ನ ತಲೆಗೆ ಬಿತ್ತು. ಹೋದ ವರ್ಷದ ನಿನ್ನ ಪಟ್ಟಿಯನ್ನೇ ತೆರೆದು, ತಾರೀಖು ಬದಲಿಸಿ, ತಂಡಕ್ಕೆ ಹೊಸದಾಗಿ ಬಂದ ಇಬ್ಬರು ಹುಡುಗರ ಹೆಸರು ಹಾಕಿದೆ. ಕೊನೆಗೆ ಹದಿನಾಲ್ಕನೇ ಸಾಲು: "ಮಾರ್ಕರ್, ಕಪ್ಪು, ಟೇಪ್ ಸುತ್ತಿದ್ದು, ಊಡ್ವಾರ್." ಅದನ್ನು ಎತ್ತಿ ಎರಡನೆಯ ಹಾಳೆಗೆ ಹಾಕಬೇಕಿತ್ತು. ಅದು ಉಡುಗೊರೆ, ವಾಪಸ್ ಬರುವುದಲ್ಲ. ಸಾಲನ್ನೇ ನೋಡುತ್ತ ಒಂದು ಲೋಟ ಕಾಫಿ ಕುಡಿದೆ. ಲೋಟ ತೊಳೆದಿಟ್ಟೆ. ಬಂದು ಹಾಗೇ ಪ್ರಿಂಟ್ ಒತ್ತಿದೆ.

ಶುಕ್ರವಾರ ಹೋಗುವಾಗ ಎಲ್ಲ ಸಲೀಸಾಗಿ ಆಯಿತು ಎಂದರೆ ನೀನು ನಂಬುವುದಿಲ್ಲ, ಆಗಲೂ ಇಲ್ಲ. ಗಡಿಯ ಸ್ವೀನೆಸುಂದ್ ಸೇತುವೆಯ ಮೇಲೆ ಅಗ್ಗದ ಹಂದಿಮಾಂಸ ತರಲು ಹೊರಟ ಕಾರುಗಳ ಸಾಲು. ನಮ್ಮ ಕಡೆಯ ಕಚೇರಿಯಲ್ಲಿ ಒಂದು ಮೊಹರು, ಅವರ ಕಡೆಯಲ್ಲಿ ಒಂದು ಮೊಹರು, ನಡುವೆ ಎರಡು ಗಂಟೆ. ಸಿಲಿಂಡರುಗಳೆಲ್ಲ ಖಾಲಿ ಎಂದು ಒಂದೊಂದನ್ನೂ ತಿರುಗಿಸಿ ತೋರಿಸಿದೆ. ಸ್ವೀಡನ್ ಕಡೆಯ ಅಧಿಕಾರಿ ಹೆಂಗಸು ಹದಿನಾಲ್ಕು ಮಾರ್ಕರುಗಳ ನಂಬರನ್ನೂ ಬೆರಳಿಟ್ಟು ಓದಿದಳು. ನಿನ್ನದರ ನಂಬರು ಟೇಪಿನ ಕೆಳಗಿತ್ತು. ಟೇಪ್ ಬಿಚ್ಚಿ ತೋರಿಸಿ, ನೀನು ಸುತ್ತಿದ ಹಾಗೇ ಮತ್ತೆ ಸುತ್ತಲು ಹೋದೆ. ಬರಲಿಲ್ಲ.

ಆಟದ ವಿಷಯ ಕೇಳಬೇಡ. ಎರಡು ದಿನವೂ ಸೋತೆವು. ಹುಡುಗರು ಬೇಸರಪಡದೆ, ಸಾಮಾನೆಲ್ಲ ನನ್ನ ವ್ಯಾನಿಗೆ ತುಂಬಿ, ಭಾನುವಾರವೇ ತಮ್ಮ ಕಾರುಗಳಲ್ಲಿ ಹೊರಟರು. ನಾನು ಡಿಂಗ್ಲೆ ಊರಿನಲ್ಲೇ, ಸಿಕ್ಸ್ಟೆನ್ ಮನೆಯಲ್ಲಿ ಉಳಿದೆ. ಸೋಮವಾರ ಬೆಳಗಿನ ತಿಂಡಿ ಆದ ಮೇಲೆ ಮಾರ್ಕರನ್ನು ಅವನ ಅಡುಗೆಮನೆಯ ಮೇಜಿನ ಮೇಲಿಟ್ಟೆ. "ಊಡ್ವಾರ್ ಕೊಟ್ಟು ಕಳಿಸಿದಾನೆ" ಅಂದೆ. ಅವನು ಕುಣಿಯುತ್ತಾನೆ ಅಂದುಕೊಂಡಿದ್ದೆ. ಕೈಯೊರೆಸಿಕೊಂಡು ಬಂದವನು ಅದನ್ನು ಮುಟ್ಟಲೂ ಇಲ್ಲ. "ಸರಿಯಾಗಿ ಮಾತಾಡ್ತಾನಾ?" ಅಂತ ಮಾತ್ರ ಕೇಳಿದ. ಇದನ್ನು ನಿನಗೆ ಕೊಟ್ಟುಬಿಡು ಎಂದು ಮೂರು ಪದ ಹೇಳುವಷ್ಟು ಮಾತಾಡ್ತಾನೆ ಅಂದೆ. ಸಿಕ್ಸ್ಟೆನ್ ಬೆನ್ನು ತಿರುಗಿಸಿ, ತೊಳೆದಿದ್ದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತ ನಿಂತ.

ಐವತ್ತು ಚಿಲ್ಲರೆ ಕಿಲೋಮೀಟರ್ ಬಂದು ಗಡಿ ಮುಟ್ಟಿದೆ. ಸ್ವೀಡನ್ ಬಿಡುವ ಮೊಹರಿಗಾಗಿ ಪುಸ್ತಕ ಕೊಟ್ಟೆ. ಶುಕ್ರವಾರದ ಅದೇ ಹೆಂಗಸು. ಎಣಿಸಿದಳು. ಮತ್ತೊಮ್ಮೆ ಎಣಿಸಿದಳು.

"ಹದಿಮೂರಿದೆಯಲ್ಲ ಯಜಮಾನ್ರೇ. ಹದಿನಾಲ್ಕನೇದು ಎಲ್ಲಿ?"

"ಒಬ್ಬ ಗೆಳೆಯನಿಗೆ ಕೊಟ್ಟೆನಮ್ಮಾ."

"ವಾಪಸ್ ಒಯ್ತೀನಿ ಅಂತ ಬರೆದು ಒಳಗೆ ತಂದಿದ್ದನ್ನ ಕೊಟ್ಟುಬಿಟ್ರಾ? ಪುಸ್ತಕದ ಅರ್ಥಾನೇ ಅದು, ಹೋಗಿದ್ದು ಬರ್ಬೇಕು."

ಪಟ್ಟಿ ಬರೆಯುವಾಗ ತಪ್ಪಾಯಿತು ಅಂದೆ. ವಯಸ್ಸಾಯಿತು, ಕನ್ನಡಕ ಹಳೆಯದು ಅಂದೆ. ಅವಳು ಕೆಟ್ಟವಳಲ್ಲ ಊಡ್ವಾರ್. ನನಗೆ ಕೂರಲು ಕುರ್ಚಿ ಕೊಟ್ಟು, ಪುಸ್ತಕ ತಿರುವಿ, "ದೊಡ್ಡ ವಿಷಯ ಏನಲ್ಲ, ಗಾಬರಿ ಬೀಳ್ಬೇಡಿ" ಅಂದಳು. ಅದರ ಸುಂಕ ಕಟ್ಟಿದರೆ ಮುಗಿಯಿತಂತೆ. ಎಷ್ಟೆಂದು ಲೆಕ್ಕ ಹಾಕಿದಳು, ವ್ಯಾನಿನ ಅರ್ಧ ಟ್ಯಾಂಕ್ ಡೀಸೆಲ್‌ನಷ್ಟೂ ಇರಲಿಲ್ಲ. ಜೇಬಿಗೆ ಕೈ ಹಾಕಿದೆ. ಬೇಗ ಮುಗಿದು ಮನೆಗೆ ಹೋಗಿ ಮಲಗಿದರೆ ಸಾಕು ಎನ್ನುವಷ್ಟು ಸುಸ್ತಾಗಿತ್ತು.

ಅವಳು ಪೆನ್ನು ತೆಗೆದು, ಪಟ್ಟಿಯ ಮೇಲೆ ಬೆರಳು ಜಾರಿಸುತ್ತ ಬಂದು ಕೊನೆಯ ಸಾಲಿನಲ್ಲಿ ನಿಲ್ಲಿಸಿದಳು. "ಹಾಗಾದ್ರೆ ಇಲ್ಲಿ ಬರೀತೀನಿ," ಅಂದಳು, ಓದಿಕೊಳ್ಳುತ್ತ: "ಊಡ್ವಾರ್. ಹಿಂದಿರುಗಿಲ್ಲ."

ನಾನು ಕುರ್ಚಿಯಿಂದ ಹೇಗೆ ಎದ್ದೆನೋ ಗೊತ್ತಿಲ್ಲ, ಮಂಡಿ ನೋವು ಆಮೇಲೆ ನೆನಪಾಯಿತು. "ಬರೀಬೇಡಿ," ಅಂದೆ. "ಬರೀಬೇಡಿ ತಾಯಿ, ತರ್ತೀನಿ."

"ಯಾವಾಗ?"

"ಈಗ್ಲೇ."

ಅವಳು ನನ್ನ ಮುಖ ನೋಡಿದಳು, ಪೆನ್ನಿನ ಮುಚ್ಚಳ ಹಾಕಿದಳು. "ನಾಲ್ಕು ಗಂಟೆ ತನಕ ನಾನಿರ್ತೀನಿ. ನಿಧಾನಕ್ಕೆ ಓಡಿಸಿ."

ಹೀಗೆ ಬಂದ ದಾರಿಯನ್ನೇ ಹಿಡಿದು ಮತ್ತೆ ಹೋದೆ. ಪೆಟ್ರೋಲ್ ಬಂಕಿನಲ್ಲಿ ಸಾಸೇಜ್ ಕೊಂಡು, ತಿನ್ನಲಾರದೆ ಪಕ್ಕದ ಸೀಟಿನ ಮೇಲಿಟ್ಟೆ, ನಿನ್ನ ಸೀಟಿನ ಮೇಲೆ. ಇಪ್ಪತ್ತೆರಡು ವರ್ಷ ಆ ಸೀಟಿನಲ್ಲಿ ಕೂತು ನೀನು ನಕ್ಷೆಯನ್ನು ತಲೆಕೆಳಗಾಗಿ ಹಿಡಿದು ದಾರಿ ತಪ್ಪಿಸಿದ್ದೀಯ. ಆ ದಾರಿ ತಪ್ಪುವಿಕೆಗಾಗಿ ಏನು ಬೇಕಾದರೂ ಕೊಡುತ್ತಿದ್ದೆ.

ಸಿಕ್ಸ್ಟೆನ್ ಗೇಟಿಗೆ ಒರಗಿ ನಿಂತಿದ್ದ. ವಿಷಯ ಕೇಳಿ ಹಲ್ಲು ಕಿರಿದ. "ನಾರ್ವೆಯವರು ಬೆಳಿಗ್ಗೆ ಉಡುಗೊರೆ ಕೊಟ್ಟು ಮಧ್ಯಾಹ್ನ ಕಿತ್ಕೊಂಡು ಹೋಗ್ತಾರೆ ಅಂತ ನಮ್ಮಪ್ಪ ಹೇಳ್ತಿದ್ದ. ನಾನೇ ನಂಬಿರ್ಲಿಲ್ಲ." ಮಾರ್ಕರು ನಾನಿಟ್ಟ ಜಾಗದಲ್ಲೇ ಮೇಜಿನ ಮೇಲಿತ್ತು. ಅವನು ಅದನ್ನು ಟವೆಲ್ಲಿನಲ್ಲಿ ಸುತ್ತಿ ನನ್ನ ಕೈಗಿಟ್ಟ. ಆಗ ಹೇಳಿದ ಮಾತನ್ನು ಒಂದಕ್ಷರ ಬಿಡದೆ ಬರೆಯುತ್ತೇನೆ, ತೂರುನ್, ಇದನ್ನು ನಿಧಾನವಾಗಿ ಓದು: "ಒಯ್ಯಪ್ಪ. ಇದನ್ನ ಅವನ ಕೈಯಿಂದ ಕಿತ್ಕೋಬೇಕು ಅಂತ ನಂಗೆ ಆಸೆ ಇದ್ದದ್ದು. ಹೀಗೆ ಮೇಜಿನ ಮೇಲೆ ಸತ್ತ ಹಾಗೆ ಬಿದ್ದಿರೋದನ್ನ ತಗೊಂಡು ನಾನೇನು ಮಾಡ್ಲಿ? ಬೇಕಾದ್ರೆ ಅವನೇ ಬಂದು ಕೊಡ್ಲಿ. ಎಡಗೈಲಿ ಕೊಟ್ರೂ ಬೇಜಾರು ಮಾಡ್ಕೊಳಲ್ಲ ಅಂತ ಹೇಳು ಆ ಮುದಿಯನಿಗೆ."

ಮೂರೂವರೆಗೆ ಗಡಿಯಲ್ಲಿದ್ದೆ. ಅವಳು ನಂಬರು ಓದಿದಳು, ಸರಿ ಅಂದಳು, ಮೊಹರು ಒತ್ತಿದಳು. ಆ ಸದ್ದು ಇಷ್ಟು ಹಿತವಾಗಿರುತ್ತದೆ ಎಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ.

ಈಗ ನಿಜ ಹೇಳುತ್ತೇನೆ. ಅವಳಿಗೆ ತಪ್ಪಾಯಿತು ಅಂದೆನಲ್ಲ, ಅದು ಪೂರ್ತಿ ತಪ್ಪಲ್ಲ. ನೀನು ಹೇಳಿದ್ದನ್ನು ಮಾಡುವ ಮನಸ್ಸು ನನಗೆ ಮೊದಲಿನಿಂದಲೂ ಇರಲಿಲ್ಲ. ನಿನ್ನನ್ನು "ಹೋದವು ಹೋದವು" ಹಾಳೆಯಲ್ಲಿ ಬರೆಯಲು ಕೈ ಬರಲಿಲ್ಲ. ಬಾಯಿ ಬಿಟ್ಟು ನಿನಗೆ ಹೇಳುವ ಧೈರ್ಯವೂ ಇರಲಿಲ್ಲ, ಅದಕ್ಕೇ ಆಯ್ತು ಅಂದೆ. ನಿನ್ನ ಮಾತು ನಡೆಸಲಿಲ್ಲ ಎಂದು ಬೇಸರವಾದರೆ ಬೈ. ನಿನ್ನ ಬಾಯಲ್ಲಿ ಬೈಗುಳ ಕೇಳಿ ನಾಲ್ಕು ತಿಂಗಳಾಯಿತು.

ಗುರುವಾರ ಮಾರ್ಕರ್ ತರುತ್ತೇನೆ. ಟೇಪನ್ನು ನಾನು ಸುತ್ತಿದ್ದು ಸೊಟ್ಟಗಾಗಿದೆ, ನೀನೇ ಬಿಚ್ಚಿ ಸುತ್ತಬೇಕು. ಒಂದು ಕೈಯಲ್ಲಿ ಆಗುವುದಿಲ್ಲ ಅನ್ನಬೇಡ, ತುದಿ ನಾನು ಹಿಡಿಯುತ್ತೇನೆ. ಮುಂದಿನ ಜೂನ್‌ಗೆ ಪಟ್ಟಿ ನೀನು ಮಾಡು. ನೀನು ಹೇಳು, ನಾನು ಬರೆಯುತ್ತೇನೆ. ಮಾರ್ಕರನ್ನು ಸಿಕ್ಸ್ಟೆನ್‌ಗೆ ಕೊಡುವುದಾದರೆ ಎರಡನೆಯ ಹಾಳೆಗೆ ಹಾಕು, ನಾನು ಅಡ್ಡ ಬರುವುದಿಲ್ಲ. ಆದರೆ ಅವತ್ತು ಪಕ್ಕದ ಸೀಟಿನಲ್ಲಿ ನಕ್ಷೆ ಹಿಡಿದು ನೀನಿರಬೇಕು.

ನಿನ್ನ ಕೈಗೆ ಬಲ ಬರಲಿ, ನಾಲಿಗೆಗೆ ಹರಿತ ಬರಲಿ. ಗುರುವಾರದ ತನಕ ಚೆನ್ನಾಗಿರು.

ನಿನ್ನ ಡ್ರೈವರ್,
ಹಾಲ್‌ಗೈರ್