ಮೂವತ್ತನಾಲ್ಕು ಇಂಚಿನ ಬಾಗಿಲು

ಸೋಮವಾರ, 6

ಅಳತೆ ಸುಳ್ಳು ಹೇಳುತ್ತಾ ಅಪ್ಪಾ? ಬಾಗಿಲು ಮೂವತ್ತನಾಲ್ಕು ಇಂಚು ಅಂದದ್ದು ನೀನು. ನೀನೇ ಕೂಡಿಸಿದ ಚೌಕಟ್ಟು, ಅಳೆದು ನೋಡದೆಯೇ ಹೇಳಿದೆ. ಕೆಂಪು ಬೈಕಿನ ಹ್ಯಾಂಡಲ್ ಮೂವತ್ತನಾಲ್ಕೂವರೆ. ಶೋರೂಮಿನಲ್ಲಿ ಕನ್ನಡಿ ಬಿಚ್ಚಿಸಿ ಅಳೆದೆ. ನಿನ್ನ ಪೆಟ್ಟಿಗೆಯ ಮೊಂಡು ಟೇಪು ಒಯ್ದು ಅಳೆದೆ. ಅರ್ಧ ಇಂಚು ಹೆಚ್ಚು, ಬಾಗಿಲಲ್ಲಿ ಹಿಡಿಸುವುದಿಲ್ಲ. ನಾನೇನು ಮಾಡಲಿ?

"ಹಾಗಾದ್ರೆ ಕರೀದು ತಗೋ. ಎರಡೂ ಒಂದೇ ಥರ ಇವೆ ಅಂತ ನೀನೇ ಹೇಳ್ತಿದ್ದೆಯಲ್ಲ" — ತರಕಾರಿ ಆರಿಸುವ ಹಾಗೆ ನೀನು ಅಂದುಬಿಟ್ಟೆ. ಹೌದು, ಒಂದೇ ಥರ. ಅದೇ ಮುನ್ನೂರೈವತ್ತು ಸಿಸಿ, ಅದೇ ಉದ್ದನೆಯ ಮೈ, ಕಾಲು ಚಾಚಿ ಕೂರುವ ಅದೇ ಕ್ರೂಸರ್. ಆದರೆ ಕೆಂಪಿನ ಹ್ಯಾಂಡಲ್ ಹೋರಿಯ ಕೊಂಬಿನ ಹಾಗೆ ಅಗಲ. ಕೈ ಅಗಲಿಸಿ ಹಿಡಿದರೆ ಎದೆ ತಾನೇ ಮುಂದೆ ಬರುತ್ತದೆ. ಕರಿಯದು ಮೂವತ್ತಮೂರು. ಸಲೀಸಾಗಿ ಒಳಗೆ ಬರುತ್ತದೆ. ಅದೇ ಅದರ ತೊಂದರೆ... ಏನೋ ಬರೆಯುತ್ತಿದ್ದೇನೆ.

ಗಲ್ಲಿಯಲ್ಲಿ ನಿಲ್ಲಿಸುವ ಹಾಗಿಲ್ಲ. ಹೋದ ವರ್ಷ ಸ್ಕೂಟರ್ ನಿಲ್ಲಿಸಿ ಮಲಗಿದೆವು, ಬೆಳಗ್ಗೆ ಎಣ್ಣೆ ಕಲೆ ಮಾತ್ರ ಇತ್ತು. ಅವತ್ತಿನಿಂದ ಅಪ್ಪನ ಕಾನೂನು — ಗಾಡಿ ಮನೆಯೊಳಗೆ, ಇಲ್ಲದಿದ್ದರೆ ಗಾಡಿಯೇ ಬೇಡ. ಹ್ಯಾಂಡಲ್ ತಿರುಗಿಸಿ ಓರೆಯಾಗಿ ನುಗ್ಗಿಸೋಣವೆಂದರೆ ಮೆಟ್ಟಿಲ ಮೇಲಿನ ಹಲಗೆ ಒಂದು ಗೇಣು ಅಗಲ. ನೇರವಾಗಿಯೇ ಏರಿಸಬೇಕು.

ಚೌಕಟ್ಟು ಸ್ವಲ್ಪ ಕೆತ್ತು ಅಂದೆ.

"ಅರ್ಧ ಇಂಚಿಗೆ ಯಾರಾದ್ರೂ ಚೌಕಟ್ಟು ಕೆಡಿಸ್ತಾರೇನೋ?"

"ಹಾಗಾದ್ರೆ ರೂಮ್ ಮಾಡ್ಕೊಂಡು ಹೋಗ್ತೀನಿ."

ಬಾಗಿಲು ಬಡಿದು ಹೊರಬಂದೆ. ಹಿಂದಿನಿಂದ ಅಮ್ಮ — "ಬಾಗಿಲೇನು ಮಾಡಿತ್ತೋ ನಿನಗೆ?"

ಬುಧವಾರ, 8. ಮಧ್ಯಾಹ್ನ, ಟೈರ್ ಅಂಗಡಿ

ಗಿರಾಕಿ ಇಲ್ಲ. ಜೊತೆ ಕೆಲಸದ ಗಾಳಿ ಮಾತ್ರ ಇದ್ದಾನೆ. ಚಕ್ರಕ್ಕೆ ತುಂಬುವುದಕ್ಕಿಂತ ಹೆಚ್ಚು ಗಾಳಿ ಬಾಯಿಂದ ಬಿಡುತ್ತಾನೆ, ಅದಕ್ಕೆ ಆ ಹೆಸರು. ಮೊಬೈಲಿನಲ್ಲಿ ಎರಡೂ ಫೋಟೋ ತೋರಿಸಿದೆ.

"ಅವಳಿ ಮಕ್ಕಳ ಹಾಗಿವೆ ಕಣೋ. ಹೆತ್ತವಳಿಗೂ ಗುರುತು ಸಿಗಲ್ಲ."

"ಹ್ಯಾಂಡಲ್ ನೋಡು."

"ಹ್ಯಾಂಡಲ್‌ಗೋಸ್ಕರ ಮನೆ ಬಿಡೋನು ನೀನೊಬ್ಬನೇ ಕಣಪ್ಪ."

ಮಾಲೀಕರಿಗೆ ಕೇಳಿಸಿತು. ಕನ್ನಡಕ ಹಣೆಗೇರಿಸಿ ಅಂದರು — "ಹಿಂದಿನ ರೂಮ್ ಖಾಲಿ ಇದೆ. ಗಾಡೀನ ಶಟರ್ ಒಳಗೆ ನಿಲ್ಸು. ಒಂದು ಇಲಿ ಇದೆ, ಅದಕ್ಕೆ ಹೊಂದ್ಕೊಂಡು ಹೋಗ್ಬೇಕು."

ಹೋಗಿ ನೋಡಿದೆ. ಒಂದು ಕಿಟಕಿ, ಒಂದು ಬಲ್ಬು, ಮೂಲೆಯಲ್ಲಿ ಹಳೆಯ ಟ್ಯೂಬುಗಳ ರಾಶಿ. ರಬ್ಬರ್ ವಾಸನೆ. ಬಾಗಿಲಿಗೆ ನನ್ನದೇ ಬೀಗ. ಎಲ್ಲಿಗೆ ಹೋಗಿದ್ದೆ, ಯಾಕೆ ತಡ, ಮರದ ಕೆಲಸ ಯಾಕೆ ಬಿಟ್ಟೆ, ಅದಕ್ಕೆ ಯಾವಾಗ ವಾಪಸ್ ಬರ್ತೀಯ — ಕೇಳುವವರಿಲ್ಲ. ಕಿಟಕಿ ತೆಗೆದು ನೋಡಿದೆ. ಹಿಡಿಸಿತು.

ಗುರುವಾರ, 9

ಟೆಸ್ಟ್ ರೈಡ್. ನಾನೂ ಬರ್ತೀನಿ ಅಂತ ಅಮ್ಮ ಚಪ್ಪಲಿ ಮೆಟ್ಟಿಕೊಂಡಳು.

ಮೊದಲು ಕೆಂಪು. ಹಿಂದೆ ಕೂತು ನನ್ನ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದಳು. "ಎಲ್ಲಿ ಹಿಡ್ಕೊಳ್ಳೋದೋ ಇದ್ರಲ್ಲಿ? ಜಾರೋ ಬಂಡೆ ಮೇಲೆ ಕೂರ್ಸಿದ ಹಾಗಿದೆ."

ಆಮೇಲೆ ಕರಿಯದು. ಮೊದಲ ತಿರುವಿನಲ್ಲಿ ಮಾತಿಲ್ಲ, ಎರಡನೆಯದರಲ್ಲೂ ಇಲ್ಲ. ಹೆದರಿದಳೇನೋ ಅಂತ ನಿಧಾನ ಮಾಡಿದೆ.

"ಏನಮ್ಮಾ?"

"ಏನಿಲ್ಲ. ಇನ್ನೊಂದು ರೌಂಡ್ ಹೊಡಿ."

ಶೋರೂಮಿನವನು ಅಂದ — "ಎರಡಕ್ಕೂ ಇಂಜಿನ್ ಒಂದೇ ಸರ್. ವ್ಯತ್ಯಾಸ ನಿಮ್ಮ ಮನಸ್ಸಲ್ಲಿ." ಇನ್ನೊಂದು ವಾರ ಟೈಮ್ ಕೇಳಿದೆ.

ಕೆಂಪಿನಲ್ಲಿ ಯೂ ಟರ್ನ್ ತೆಗೆಯುವಾಗ ಹ್ಯಾಂಡಲ್‌ನ ಹೊರತುದಿ ಕೈಗೆ ಎಟುಕಲಿಲ್ಲ. ಭುಜ ಎಳೆಯಿತು. ಅಮ್ಮನಿಗೆ ಹೇಳಲಿಲ್ಲ. ಕೆಂಪೇ ತಗೋತೀನಿ ಅಂದೆ.

ಅವಳು ರಸ್ತೆ ನೋಡುತ್ತಾ ಕೇಳಿದಳು — "ಬಾಗಿಲಲ್ಲಿ ಹಿಡಿಸದೇ ಇರೋ ಗಾಡೀನೇ ಬೇಕಾ ನಿನಗೆ?"

ನಾನು ಆಟೋಗೆ ಕೈ ಮಾಡಿದೆ.

ಮಂಗಳವಾರ, 14

ಅಪ್ಪನಿಗೂ ನನಗೂ ಮಾತಿಲ್ಲ. ಊಟಕ್ಕೆ ಕೂತಾಗ ಅಮ್ಮನಿಗೆ ಹೇಳುತ್ತಾನೆ, "ಅವನ ಹತ್ರ ಉಪ್ಪು ಕೇಳು." ಅವನು ಅಂದರೆ ಪಕ್ಕದಲ್ಲಿ ಮೊಣಕೈ ತಾಗಿಸಿಕೊಂಡು ಕೂತ ನಾನು. ನಾನೂ ಉಪ್ಪನ್ನು ಅಮ್ಮನ ಕೈಗೇ ಕೊಟ್ಟೆ. ಅಮ್ಮ ಅಂದಳು, "ನನಗೂ ಒಂದು ರೂಮ್ ನೋಡೋ."

ಮಾಲೀಕರಿಗೆ ಹೂಂ ಅಂದಾಯಿತು. ಶನಿವಾರ ಬೈಕ್ ಬುಕ್ಕಿಂಗ್, ಶನಿವಾರವೇ ರೂಮು.

ಅಮ್ಮ ಒಂದು ಚಾದರ, ಎರಡು ತಟ್ಟೆ ಬೇರೆ ಎತ್ತಿಟ್ಟಿದ್ದಾಳೆ. ಏನದು ಅಂದರೆ "ಒಗೆಯೋಕೆ." ತಟ್ಟೆನೂ?

ಶುಕ್ರವಾರ, 17. ಸಂಜೆ

ಕೆಲಸದಿಂದ ಬಂದರೆ ಮನೆಗೆ ಬಾಗಿಲೇ ಇಲ್ಲ. ಕದ ಗೋಡೆಗೆ ಒರಗಿತ್ತು. ಅಪ್ಪ ಹೊಸ್ತಿಲ ಬಳಿ ಕೂತು ಉಳಿ ಮಸೆಯುತ್ತಿದ್ದ. ಚೌಕಟ್ಟಿನ ಎರಡೂ ಬದಿ ಪೆನ್ಸಿಲ್ ಗೆರೆ. ಕೆತ್ತಲು ಹೊರಟಿದ್ದ.

ನನ್ನನ್ನು ಕಂಡು ಉಳಿ ಕೆಳಗಿಟ್ಟ. ಟೇಪಿನ ತುದಿ ತಾನು ಹಿಡಿದು ಡಬ್ಬಿಯನ್ನು ನನ್ನ ಕಡೆ ಚಾಚಿದ. ನನ್ನ ಕೈ ತಾನೇ ಹೋಯಿತು. ಹತ್ತನೇ ಕ್ಲಾಸ್ ಆದಮೇಲೆ ಎರಡು ವರ್ಷ ಇದೇ ಕೆಲಸ — ಅವನು ಹಿಡಿಯುವುದು, ನಾನು ಓದುವುದು.

"ಎಷ್ಟು?"

"ಮೂವತ್ತೈದು."

"ಒಂದು ಕಳಿ," ಅಂದ, ಕಿವಿಯಿಂದ ಪೆನ್ಸಿಲ್ ತೆಗೆಯುತ್ತಾ.

ನನ್ನ ಕೈ ನಿಂತಿತು. ಆಮೇಲೆ ಅವನದೂ.

ಮೊಂಡು ಟೇಪು. ಕೊಕ್ಕೆಯ ಜೊತೆ ಮೊದಲ ಇಂಚೂ ಯಾವತ್ತೋ ಮುರಿದು ಹೋಗಿದೆ. ಅದರಲ್ಲಿ ಏನು ಅಳೆದರೂ ಒಂದು ಇಂಚು ಜಾಸ್ತಿ ತೋರಿಸುತ್ತದೆ. ಒಂದು ಕಳಿ, ಒಂದು ಕಳಿ — ಎರಡು ವರ್ಷ ದಿನಾ ಅದನ್ನೇ ಕೇಳಿದ್ದೆ.

"ಹ್ಯಾಂಡಲ್ ಅಳೆದಾಗ ಕಳೆದ್ಯಾ?"

"ಇಲ್ಲ."

"ಹಾಗಾದ್ರೆ ಅದು ಮೂವತ್ತಮೂರೂವರೆ."

"ಹೂಂ."

"ಸವರ್ಕೊಂಡು ಬರುತ್ತೆ."

"ಬರುತ್ತೆ."

ಒಳಗಿನಿಂದ ಅಮ್ಮ, "ಏನಂತೆ?"

"ಏನಿಲ್ಲ. ನಿನ್ನ ಮಗ ಲೆಕ್ಕದಲ್ಲಿ ಇನ್ನೂ ಹಾಗೇ ಇದ್ದಾನೆ."

ನಗಬೇಕಿತ್ತು. ಬರಲಿಲ್ಲ. ಕೆಂಪು ಬೈಕು ಮನೆಯೊಳಗೆ ಬರುತ್ತದೆ ಅಂತ ಗೊತ್ತಾಗಿ ಬೇಜಾರಾಯಿತು. ಖುಷಿ ಆಗಬೇಕಾದ ಜಾಗದಲ್ಲಿ ಬೇಜಾರು. ಮರೆತದ್ದು ನಿಜ. ಯಾಕೆ ಮರೆತೆ ಅನ್ನುವುದು ಈಗ ಗೊತ್ತಾಗುತ್ತಿದೆ.

ಅಪ್ಪ ನನ್ನ ಮುಖ ನೋಡಿದ. ಉಳಿಯನ್ನು ಬಟ್ಟೆಯಲ್ಲಿ ಸುತ್ತಿದ.

"ಹೋಗೋದಾದ್ರೆ ಹೋಗು. ಬೇಡ ಅನ್ನಲ್ಲ. ತಪ್ಪು ಬಾಗಿಲ ಮೇಲೆ ಹಾಕ್ಬೇಡ."

ಇಬ್ಬರೂ ಸೇರಿ ಕದ ಎತ್ತಿ ಕೂಡಿಸಿದೆವು. ಪೆನ್ಸಿಲ್ ಗೆರೆ ಹಾಗೇ ಇದೆ.

ಶನಿವಾರ, 18. ಬೆಳಗ್ಗೆ

ಬಾಗಿಲಿನ ಮಾತು ಪಕ್ಕಕ್ಕಿಟ್ಟು ಯೋಚಿಸಿದೆ. ಕೆಂಪಿನಲ್ಲಿ ಭುಜ ಎಳೆಯುತ್ತದೆ. ಕರಿಯದರಲ್ಲಿ ಅಮ್ಮ ಇನ್ನೊಂದು ರೌಂಡ್ ಕೇಳಿದಳು, ನನಗೂ ಇಳಿಯುವ ಮನಸ್ಸಿರಲಿಲ್ಲ. ಕರಿಯದೇ.

ರೂಮೂ ಬೇಕು. ಬೈಕಿಗಲ್ಲ. ನನಗೆ.

ಚಹಾ ಕುಡಿಯುವಾಗ ಅಪ್ಪನ ಮುಖ ನೋಡಿಯೇ ಹೇಳಿದೆ. "ಕರೀದು ತಗೋತೀನಿ. ರೂಮಿಗೂ ಹೋಗ್ತೀನಿ. ಜಾಗ ಇಲ್ಲ ಅಂತಲ್ಲ ಅಪ್ಪಾ. ಹೋಗ್ಬೇಕು ಅನ್ಸುತ್ತೆ."

ಲೋಟ ಕೆಳಗಿಟ್ಟ. ಮತ್ತೆ ಎತ್ತಿಕೊಂಡ. ಖಾಲಿ ಇತ್ತು.

"ಬಂದಾಗ ಗಾಡಿ ಒಳಗೇ ನಿಲ್ಲಿಸು. ಗಲ್ಲೀಲಿ ಬಿಡ್ಬೇಡ."

"ಹೂಂ."

ಅಮ್ಮ ಚಾದರ, ತಟ್ಟೆ ತಂದು ಬ್ಯಾಗಿನ ಮೇಲಿಟ್ಟಳು. "ಒಗೆದಾಯ್ತು," ಅಂದಳು.

ಗಾಳಿ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ. ಅಪ್ಪ ಕೂತಲ್ಲಿಂದಲೇ ಕೂಗಿದ — "ಬಾಗಿಲು ಮೆಲ್ಲಗೆ ಹಾಕೋ. ಸ್ಕ್ರೂ ಇನ್ನೂ ಪೂರ್ತಿ ಬಿಗಿ ಮಾಡಿಲ್ಲ."

ಸರಿ. ಈ ಪುಸ್ತಕವೂ ಬ್ಯಾಗಿಗೆ. ಹೊರಗೆ ಹೋಗಿ, ಮೆಲ್ಲಗೆ ಎಳೆದುಕೊಂಡು —