ಮೂವತ್ಮೂರರ ವೇಗ

ನಿಧಾನಪ್ಪ,

ಇದನ್ನು ನಿನಗೆ ಕಳಿಸುವುದಿಲ್ಲ. ಹಾಗಾಗಿ ಹೇಗಿದ್ದೀಯ ಎಂದು ಕೇಳುವ ಶಾಸ್ತ್ರವೂ ಬೇಡ.

ಇವತ್ತು ಮಧ್ಯಾಹ್ನ ಹಳೇ ರೆಕಾರ್ಡ್ ಅಂಗಡಿಯಲ್ಲಿ ಹೌಸ್, ಟೆಕ್ನೋ ಎಂದು ಬರೆದಿಟ್ಟ ಕುಣಿತದ ಹಾಡುಗಳ ಡಬ್ಬ ಕೆದಕುತ್ತಿದ್ದೆ. ಹತ್ತು ವರ್ಷದಿಂದ ಹುಡುಕುತ್ತಿದ್ದ ಆ ನೀಲಿ ಲೇಬಲ್ಲಿನ ರೆಕಾರ್ಡ್ ಸಿಕ್ಕಿಬಿಟ್ಟಿತು ಮಾರಾಯ. ಕವರಿನ ಮೂಲೆಯಲ್ಲಿ ನಿನ್ನದೇ ಕಾಗೆಕಾಲು ಗುಬ್ಬಿಕಾಲು ಅಕ್ಷರ: ‘೪೫ ಅಂತ ಬರೆದಿದ್ದಾರೆ, ನಂಬಬೇಡ. ೩೩ಕ್ಕೆ ಹಾಕು.’ ನೀನು ನಿನ್ನ ರೆಕಾರ್ಡುಗಳನ್ನೆಲ್ಲ ಮಾರಿಬಿಟ್ಟೆ ಎಂದು ಯಾರೋ ಹೇಳಿದಾಗ ನಾನು ನಂಬಿರಲಿಲ್ಲ.

ಅಂಗಡಿಯವರು ಲೇಬಲ್ ನೋಡಿ ನಿಮಿಷಕ್ಕೆ ನಲವತ್ತೈದು ಸುತ್ತಿನ ವೇಗಕ್ಕೇ ಹಾಕಿದರು. ಹಾಡು ಬಸ್ಸು ಹಿಡಿಯುವವರ ಹಾಗೆ ಏದುಸಿರು ಬಿಡುತ್ತ ಓಡಿತು.

“ಮೂವತ್ಮೂರಕ್ಕೆ ಹಾಕ್ತೀರಾ?” ಅಂದೆ.

“ತಪ್ಪಾಗುತ್ತಲ್ಲ.”

“ಆಗ್ಲಿ, ಹಾಕಿ.”

ಡ್ರಮ್ಮಿನ ಏಟು ಭಾರವಾಯಿತು. ಕೀರಲು ಹೆಣ್ಣುದನಿ ಗಂಭೀರ ಗಂಡುದನಿಯಾಗಿ ಇಳಿದು ಬಂತು. ಅಂಗಡಿಯವರು ಕೈಲಿದ್ದ ಕೆಲಸ ಬಿಟ್ಟು ತಲೆದೂಗಿದರು.

“ಹೀಗೇ ಚೆನ್ನಾಗಿದೆ. ಯಾರು ಕಂಡುಹಿಡಿದಿದ್ದು?”

“ನನ್ನ ಗೆಳೆಯ.”

ನಾವಿಬ್ಬರೂ ಡಿಜೆಗಳಾಗಿ ನಡೆಸಿದ ಕೊನೆಯ ಕಾರ್ಯಕ್ರಮದಲ್ಲಿ ನೀನು ಇದನ್ನು ಮೂವತ್ಮೂರಕ್ಕೆ ಹಾಕಿದ್ದಾಗ, ಅಷ್ಟು ಜನರೆದುರು ಕೈ ಚಾಚಿ ನಲವತ್ತೈದರ ಗುಂಡಿ ಒತ್ತಿದವನು ಯಾರು ಎಂದು ಅಂಗಡಿಯವರು ಕೇಳಲಿಲ್ಲ. ಜನ ನಕ್ಕಿದ್ದರು. ನೀನು ಹೆಡ್‌ಫೋನ್ ತೆಗೆದಿಟ್ಟು ವೇದಿಕೆ ಇಳಿದು ಹೋಗಿದ್ದೆ.

ಈಗ ಮನೆಯಲ್ಲಿ ಅದು ಮೂರನೇ ಸಲ ತಿರುಗುತ್ತಿದೆ. ನನ್ನವಳು ಅದರ ತಾಳಕ್ಕೇ ತರಕಾರಿ ಹೆಚ್ಚುತ್ತಿದ್ದಾಳೆ. ಸುಖವಾಗಿದ್ದೇನೆ ಕಣೋ.

ಹಾಡು ಮುಗಿಯಿತು. ಮುಳ್ಳನ್ನಷ್ಟೇ ಎತ್ತಿ ಮತ್ತೆ ಅಂಚಿಗಿಡುತ್ತೇನೆ. ಗುಂಡಿಯ ಹತ್ತಿರ ಕೈ ಒಯ್ಯುವುದಿಲ್ಲ.