ಚಪ್ಪಾಳೆಯೊಳಗಿನ ಅಳು

ಮಂಗಳವಾರ, ನಡುರಾತ್ರಿ ಕಳೆದ ಮೇಲೆ

ಪ್ರೀತಿಯ ಅಕ್ಕ,

ಈಗ ಒಂದೂವರೆ. ನನ್ನನ್ನು ಎಬ್ಬಿಸಿದ್ದು ಪಾಪು ಅಲ್ಲ. ಅವನು ಕೈಕಾಲು ಚೆಲ್ಲಿ ಮಲಗಿದ್ದಾನೆ. ನನಗೆ ಆಗಷ್ಟೇ ರೆಪ್ಪೆ ಅಂಟಿತ್ತು, ಮೇಲಿನ ಮನೆಯ ತಾತ ತಮ್ಮ ಫೋನಿನಲ್ಲಿ, ಇವತ್ತು ಟಿವಿಯಲ್ಲಿ ಬಂದ ಆ ಹೆಂಗಸಿನ ಮಾತನ್ನು ಇನ್ನೊಮ್ಮೆ ಹಾಕಿಕೊಂಡು ಗಹಗಹಿಸಿ ನಕ್ಕರು. “ಸಾರ್, ಅದಿರ್ಲಿ, ನಮ್ಮ ಕಡೆ ನೀರು ಯಾವಾಗ ಬಿಡ್ತೀರಿ?” ಕಿವಿಗೆ ಬಿದ್ದದ್ದೇ ತಡ, ನಿದ್ದೆ ಹಾರಿಹೋಯಿತು.

ಇಷ್ಟು ದಿನ ಬರೆಯಲಿಲ್ಲ ಎಂದು ಬೈಯಬೇಡ. ನೀನು ಫೋನ್ ಎತ್ತಿಯೇ ಎತ್ತುತ್ತೀಯ ಎಂದು ಕಾದೆ. ವಿಚಾರಣೆಯ ದಿನದಿಂದ ನಾನು ಕರೆದಾಗಲೆಲ್ಲ ಕಟ್ ಮಾಡುತ್ತಿದ್ದೀಯ. ಸಿಟ್ಟು ಬರದೆ ಇರುತ್ತದೆಯೇ? ನೀನು ಸದ್ದು ಕೂಡಿಸುವ ಚಾನೆಲ್ಲಿನ ಮೇಲೆ ದೂರು ಕೊಟ್ಟವಳು ನಿನ್ನ ಬೆನ್ನಿಗೆ ಹುಟ್ಟಿದವಳೇ. ಆದರೂ ಇವತ್ತಿನ ಸುದ್ದಿಯನ್ನು ನಿನಗಲ್ಲದೆ ಇನ್ನು ಯಾರಿಗೆ ಹೇಳಲಿ? ಗೆದ್ದೆವು ಕಣಕ್ಕಾ!

ಮೊದಲ ಸಲ ಕೇಳಿಸಿದಾಗ ಪಾಪು ನನ್ನ ಮಡಿಲಲ್ಲಿ ಹಾಲು ಕುಡಿಯುತ್ತಿದ್ದ. ಟಿವಿಯಲ್ಲಿ ಮಂತ್ರಿಗಳ ಚುನಾವಣಾ ಭಾಷಣ, ಮೈದಾನವೇ ಎದ್ದುಬಂದಂಥ ಚಪ್ಪಾಳೆ. ಅದರ ಸಂದಿಯಲ್ಲಿ ಒಂದು ಮಗು ಅತ್ತು, ಅಳು ಮುಗಿಸುವಾಗ ಸೀನಿತು. ಬಗ್ಗಿ ಮಡಿಲಲ್ಲಿದ್ದವನನ್ನು ನೋಡಿದೆ. ಬಾಯಿ ತುಂಬ ಹಾಲಿಟ್ಟುಕೊಂಡವನು ಟಿವಿಯೊಳಗೆ ಹೇಗೆ ಅಳುತ್ತಾನೆ? ಅಮ್ಮನಿಗೆ ಕಳಿಸಲೆಂದು ಸ್ನಾನದ ಹೊತ್ತಿನಲ್ಲಿ ನೀನು ಫೋನಿನಲ್ಲಿ ಹಿಡಿದಿದ್ದ ಅಳು ಅದು. ಧಾರಾವಾಹಿಗಳಲ್ಲಿ ಕೆಲಸ ಮಾಡುತ್ತಿದ್ದಾಗ ನೀನೇ ಹೇಳಿದ್ದೆಯಲ್ಲ, “ಬರೀ ಚಪ್ಪಾಳೆ ಹಾಕಿದ್ರೆ ಸುಳ್ಳು ಅಂತ ಗೊತ್ತಾಗುತ್ತೆ ಕಣೇ. ಎಲ್ಲೋ ಒಬ್ಬ ಕೆಮ್ಮಬೇಕು, ಒಂದು ಮಗು ಅಳಬೇಕು. ಆಗ ನಂಬ್ತಾರೆ ಜನ.”

ಕೇಳಿದ್ದಕ್ಕೆ ನೀನು, “ಮೇಲಿನವರು ಸದ್ದು ತುಂಬು ಅಂದ್ರು, ತುಂಬಿದೆ. ನೀನು ಮಗು ನೋಡ್ಕೋ, ದೇಶ ನೋಡ್ಕೋಬೇಡ” ಎಂದು ಫೋನ್ ಇಟ್ಟೆ.

ಮಗುವನ್ನೇ ನೋಡಿಕೊಳ್ಳುತ್ತಿದ್ದೆ. ಮುಂದಿನ ವಾರ ಬೇರೆ ಊರಿನ ಸಭೆ, ಮತ್ತೆ ಅದೇ ಅಳು, ಅದೇ ಸೀನು. ಇನ್ನೂ ಮಾತು ಬಾರದ ನನ್ನ ಕೂಸನ್ನು ಇವರು ಸುಳ್ಳುಸಾಕ್ಷಿಗೆ ನಿಲ್ಲಿಸಿದ್ದಾರೆ ಅನ್ನಿಸಿ ತಡೆಯಲಾಗಲಿಲ್ಲ. ಎರಡನ್ನೂ ಇಳಿಸಿಕೊಂಡು ಪ್ರಸಾರದ ದೂರು ಮಂಡಳಿಗೆ ಕಳಿಸಿದೆ. ಮಗು ಯಾರದು ಎಂದು ಮಾತ್ರ ಬರೆಯಲಿಲ್ಲ, ನಿನ್ನ ಮುಖ ನೆನೆದು.

ವಿಚಾರಣೆಯಲ್ಲಿ ನಿಮ್ಮ ವಕೀಲರು ಕೋಟಿನ ಗುಂಡಿ ಸರಿಮಾಡಿಕೊಂಡು, “ಮಕ್ಕಳೆಲ್ಲ ಒಂದೇ ಥರ ಅಳ್ತಾವೆ ಮೇಡಂ” ಅಂದರು. ಅಧ್ಯಕ್ಷೆ ಕನ್ನಡಕ ಇಳಿಸಿ, “ನೀವು ಎಷ್ಟು ಮಕ್ಕಳನ್ನ ಮಲಗಿಸಿದ್ದೀರಿ ವಕೀಲರೇ?” ಎಂದು ಕೇಳಿದರು. ಬಾಗಿಲಲ್ಲಿ ನಿಂತಿದ್ದ ಜವಾನನೂ ನಕ್ಕುಬಿಟ್ಟ. ಆಮೇಲೆ ಎರಡೂ ಸಭೆಗಳ ಸದ್ದನ್ನು ಒಟ್ಟಿಗೆ ಹಾಕಿಸಿದರು. ಊರು ಎರಡು, ಅಳು ಒಂದೇ. ಸೀನೂ ಒಂದೇ ಕ್ಷಣಕ್ಕೆ. ವಕೀಲರು ಕುಡಿಯಲೆಂದು ಎತ್ತಿದ ಲೋಟ ಅಲ್ಲೇ ನಿಂತಿತು. ಮೊದಲ ಸಭೆಯ ಭಾಷಣ, ಅದು ಬಂದಿದ್ದ ರಾತ್ರಿ ಒಂಬತ್ತು ಗಂಟೆಗೇ, ಬೆರಕೆಯಿಲ್ಲದ ಸದ್ದಿನೊಂದಿಗೆ ಮತ್ತೆ ಪ್ರಸಾರವಾಗಬೇಕು ಎಂದು ತೀರ್ಪಾಯಿತು. ಹೊರಡುವಾಗ ಅಧ್ಯಕ್ಷೆ, “ಸದ್ದು ಸಿಕ್ಕಿತಮ್ಮ. ತುಂಬು ಅಂದವರು ಯಾರು ಅನ್ನೋದು ಇನ್ನೂ ಸಿಕ್ಕಿಲ್ಲ” ಅಂದರು.

ಇವತ್ತು ಒಂಬತ್ತಕ್ಕೆ ನಮ್ಮ ಮನೆಯಲ್ಲಿ ಕೂರಲು ಜಾಗವಿರಲಿಲ್ಲ. ಮಂತ್ರಿಗಳು ಕೈಯೆತ್ತಿ ನಿಂತರು. ಫ್ಯಾನಿನ ಗರಗರ, ಕುರ್ಚಿ ಎಳೆದ ಸದ್ದು, ಯಾರದೋ ದೊಡ್ಡ ಆಕಳಿಕೆ. ಮೊದಲು ಎಲ್ಲಿ ಚಪ್ಪಾಳೆ ಕಿವಿ ಗಡಚಿಕ್ಕಿತ್ತೋ ಸರಿಯಾಗಿ ಅಲ್ಲಿಗೆ ಆ ಹೆಂಗಸಿನ ಪ್ರಶ್ನೆ ಬಂತು. ಹಿಂದೆಯೇ, “ಹೌದು, ಅದನ್ನ ಹೇಳಿ ಮೊದ್ಲು!” ಎಂದು ಹತ್ತಾರು ದನಿಗಳು. ಮಂತ್ರಿಗಳು “ಕೂತ್ಕೊಳ್ಳಿ, ಕೂತ್ಕೊಳ್ಳಿ” ಅನ್ನುತ್ತಿದ್ದರು. ನೀರು ಕೇಳಿದ ಬಾಯನ್ನು ಚಪ್ಪಾಳೆಯಿಂದ ಮುಚ್ಚಿದ್ದರು ಅಕ್ಕ! ಅದು ನನಗೂ ಗೊತ್ತಿರಲಿಲ್ಲ. ನಮ್ಮ ಮೆಟ್ಟಿಲುಗಳ ಮೇಲೆ ನಿಜವಾದ ಚಪ್ಪಾಳೆ ಬಿತ್ತು. ತಾತ ಬಂದು, “ಏನಮ್ಮಾ, ಮಂತ್ರೀನೇ ಬಾಯಿ ಮುಚ್ಚೋ ಹಾಗೆ ಮಾಡಿದೆಯಲ್ಲ!” ಎಂದು ನನ್ನ ತಲೆ ತಟ್ಟಿದರು. ಹನ್ನೊಂದಕ್ಕೆ ಮಂತ್ರಿಗಳೇ ಕ್ಯಾಮೆರಾ ಮುಂದೆ ನಿಂತು, ನೀರು ಯಾವತ್ತು ಬರುತ್ತದೆ ಎಂದು ದಿನ ಹೇಳಬೇಕಾಯಿತು. ನಾನು ಕುಣಿದೆ. ನಿಜವಾಗಿ ಕುಣಿದೆ, ಪಾಪುವನ್ನು ಎತ್ತಿಕೊಂಡು.

ಒಂದೇ ಮಾತು ಚುಚ್ಚುತ್ತಿದೆ. ಚಾನೆಲ್ಲಿನ ಪರವಾಗಿ ಕ್ಷಮೆ ಕೇಳುವಾಗ ಸುದ್ದಿವಾಚಕ, “ತಾಂತ್ರಿಕ ಸಿಬ್ಬಂದಿಯೊಬ್ಬರ ಅಚಾತುರ್ಯ” ಎಂದ. ಒಬ್ಬರು ಅಂದರೆ ನೀನು. ತುಂಬು ಅಂದವರು ಎಲ್ಲಿ ಹೋದರು?

ಇವರು ಮೊದಲ ಬಸ್ಸು ಓಡಿಸಲು ಮೂರಕ್ಕೇ ಹೊರಡುತ್ತಾರೆ. ಇದನ್ನು ನಿನ್ನ ಬಾಗಿಲ ಸಂದಿಯಲ್ಲಿ ತೂರಿಸಿ, ಬೆಲ್ ಒತ್ತಿ ಹೋಗುತ್ತಾರೆ. ಹೊಟ್ಟೆಗೆ ಸರಿಯಾಗಿ ತಿನ್ನು. ಸಿಟ್ಟಿದ್ದರೂ ನಿನ್ನ ಹರಕೆ ಪಾಪುವಿನ ಮೇಲಿರಲಿ. ನಿನಗೆ ಒಳ್ಳೆಯದಾಗಲಿ ಎನ್ನುವಷ್ಟು ದೊಡ್ಡವಳು ನಾನಲ್ಲ, ಆದರೂ ಅನ್ನುತ್ತೇನೆ.

ನಿನ್ನ
ಗುಬ್ಬಿ

ತಾ.ಕ.: ಅಕ್ಕ, ಮಡಿಚಿಡುವಷ್ಟರಲ್ಲಿ ನಿಮ್ಮ ಚಾನೆಲ್ಲಿನ ಕ್ಯಾಮೆರಾಮನ್ ಫೋನ್ ಮಾಡಿದ. “ಬೆಳಗ್ಗೆ ಮೇಲಿನವರು ನಿಮ್ಮಕ್ಕನ ಕೈಲಿ ಬರೆಸ್ಕೊಳ್ತಾರಂತೆ, ಯಾರೂ ಹೇಳಿಲ್ಲ, ನಾನೇ ಹಾಕಿದೆ ಅಂತ. ಸಹಿ ಹಾಕದಿದ್ರೆ, ದೂರು ಕೊಟ್ಟೋಳು ನಿನ್ನ ತಂಗಿ, ಅಳೋ ಮಗು ಅವಳದೇ, ಎಲ್ಲಾ ಅಕ್ಕತಂಗಿಯರ ನಾಟಕ ಅಂತ ಸುದ್ದಿ ಮಾಡ್ತೀವಿ ಅಂತ ವಿಚಾರಣೆ ದಿನದಿಂದ ಹೆದರಿಸ್ತಿದ್ದಾರೆ. ಅವಳು ಸರಿ ಅಂದುಬಿಟ್ಟಿದ್ದಾಳೆ. ಗುಬ್ಬಿ ಗೆದ್ದಿದ್ದಾಳೆ, ಅದನ್ನ ಕೆಡಿಸ್ಬೇಡಿ ಅಂದ್ಳು.” ನೀನು ಸಿಟ್ಟಿನಿಂದ ಕಟ್ ಮಾಡುತ್ತಿದ್ದೀಯ ಅಂದುಕೊಂಡಿದ್ದೆನಲ್ಲ! ನಾನು ಇಲ್ಲಿ ಕುಣಿಯುತ್ತಿದ್ದಾಗ ನೀನು ಅಲ್ಲಿ ಒಬ್ಬಳೇ ಕೂತಿದ್ದೆ. ಸಹಿ ಹಾಕಬೇಡ. ಸುದ್ದಿ ಮಾಡಲಿ ಬಿಡು, ಅದಕ್ಕೂ ಮುಂಚೆ ನಾವೇ ಮಂಡಳಿಗೆ ಹೋಗಿ ಹೇಳೋಣ: ಮಗು ನನ್ನದು, ಅಕ್ಕ ನನ್ನವಳು. ತುಂಬು ಅಂದವರ ಹೆಸರು ನೀನು ಹೇಳು, ನಾನು ಪಕ್ಕದಲ್ಲೇ ನಿಂತಿರುತ್ತೇನೆ. ಇದನ್ನು ಓದಿದ ತಕ್ಷಣ ಫೋನ್ ಮಾಡು. ಬಯ್ಯುವುದಿದ್ದರೆ ಬೈ, ಆದರೆ ಬೆಳಗಾಗುವ ಮುಂಚೆ ಮಾಡು ಅಕ್ಕ, ನಿನ್ನ ಕಾಲಿಗೆ ಬೀಳುತ್ತೇನೆ, ಬೆಳಗಾಗುವ ಮುಂಚೆ.